ಮೂಟೆ ಅಲುಗಾಡಿದ ಶನಿವಾರ

ಮೊದಲ ಶನಿವಾರವೇ ಎಡವಟ್ಟಾಯಿತು. ಜಪಾನಿನ ನಿರ್ದೇಶಕ ತಕಾಶಿ ಮೀಕೆಯ ಹನ್ನೆರಡು ಸಿನಿಮಾಗಳನ್ನು ಹನ್ನೆರಡು ಶನಿವಾರ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸ್ನೇಹಿತರೊಂದಿಗೆ ಕೂತು ನೋಡಬೇಕು ಅಂತ ಹೊರಟವಳು ನಾನು. ಒಟ್ಟು ಒಂಬತ್ತು ಜನ. ಶುರು ಮಾಡಿದ್ದು ‘ಆಡಿಷನ್’ನಿಂದ. 1999ರ ಚಿತ್ರ. ಮರುವರ್ಷ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಗೆದ್ದು ಮೀಕೆಯ ಹೆಸರನ್ನು ಜಪಾನಿನಾಚೆಗೆ ಒಯ್ದದ್ದು ಇದೇ. ಜಗತ್ತು ಎಲ್ಲಿಂದ ಶುರು ಮಾಡಿತೋ ನಾವೂ ಅಲ್ಲಿಂದಲೇ ಶುರು ಮಾಡೋಣ ಅನ್ನುವುದು ನನ್ನ ಲೆಕ್ಕ.

ಕಾಫಿ ತಂದುಕೊಟ್ಟ ಅತ್ತೆ ತಟ್ಟೆ ಹಿಡಿದುಕೊಂಡೇ ಕೂತುಬಿಟ್ಟರು. ತಪ್ಪು ಅವರದ್ದಲ್ಲ. ಆ ಸಿನಿಮಾದ ಮೊದಲರ್ಧ ಅಪ್ಪಟ ಸಂಸಾರದ ಕತೆ. ಹೆಂಡತಿ ತೀರಿಕೊಂಡು ವರ್ಷಗಳಾದ ಅಪ್ಪ, ಇನ್ನೊಂದು ಮದುವೆ ಮಾಡ್ಕೋ ಅನ್ನುವ ಮಗ, ಮನೆಯಲ್ಲೊಂದು ನಾಯಿ. ಸಿನಿಮಾ ಮಾಡುವ ಗೆಳೆಯನೊಬ್ಬ ಉಪಾಯ ಹೇಳುತ್ತಾನೆ: ನಾಯಕಿ ಬೇಕಾಗಿದ್ದಾಳೆ ಅಂತ ಸುಳ್ಳು ಆಡಿಷನ್ ಇಡೋಣ, ಬಂದ ಹುಡುಗಿಯರಲ್ಲಿ ನಿನಗೆ ಬೇಕಾದವಳನ್ನು ಆರಿಸಿಕೋ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಡುವಾಗ ಅತ್ತೆ ಜೋರಾಗಿಯೇ, “ಅಲ್ವೇ, ಹೆಣ್ಣು ನೋಡೋ ಶಾಸ್ತ್ರಕ್ಕೆ ಇಷ್ಟೆಲ್ಲಾ ನಾಟಕ ಯಾಕೆ? ನಮ್ ಕಾಲದಲ್ಲಿ ಉಪ್ಪಿಟ್ಟು ಕೇಸರಿಬಾತಲ್ಲಿ ಮುಗೀತಿತ್ತು” ಅಂದರು. ಎಲ್ಲರೂ ನಕ್ಕೆವು. ಈಗ ಯೋಚಿಸಿದರೆ ಆ ಸಿನಿಮಾದ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಿಗಿಂತ ಆ ಮಾತೇ ವಿಷಯಕ್ಕೆ ಹತ್ತಿರವಾಗಿತ್ತು.

ಅಷ್ಟರಲ್ಲಿ ಆ ದೃಶ್ಯ ಬಂತು. ಬರೀ ಕೋಣೆ. ನೆಲದ ಮೇಲೆ ಟೆಲಿಫೋನು. ಅದರ ಮುಂದೆ ಕೂದಲು ಇಳಿಬಿಟ್ಟು ತಲೆ ಬಗ್ಗಿಸಿ ಕೂತ ಹುಡುಗಿ. ಹಿಂದೆ ಕಟ್ಟಿಟ್ಟ ಒಂದು ಮೂಟೆ. ಫೋನು ಹೊಡೆದುಕೊಳ್ಳುತ್ತದೆ, ಅವಳ ತುಟಿಯಂಚಿನಲ್ಲಿ ನಗು ಮೂಡುತ್ತದೆ, ಮೂಟೆ ಧಡಕ್ಕನೆ ಹೊರಳುತ್ತದೆ. ಅತ್ತೆಯ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಮಾತಿಲ್ಲದೆ ಮೆಟ್ಟಿಲಿಳಿದು ಹೋದರು. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಇನ್ನಿಬ್ಬರು ಎದ್ದರು, ಅವರಲ್ಲೊಬ್ಬರು ಮತ್ತೆ ಬರಲೇ ಇಲ್ಲ. ಮೊದಲೇ ಒಂದು ಮಾತು ಹೇಳಿರಬೇಕಿತ್ತು. ಹೇಳಿದರೆ ಮಜಾ ಹೋಗುತ್ತೆ ಅಂದುಕೊಂಡಿದ್ದೆ, ಅದು ನನ್ನ ಧಿಮಾಕು.

ಆ ರಾತ್ರಿ ನೋಟುಬುಕ್ಕು ತೆಗೆದು ಕೂತೆ. ಮೀಕೆಯನ್ನು ನೋಡುವವರಿಗೆ ಎದುರಾಗುವ ಮೊದಲ ತೊಡಕು ಸಂಖ್ಯೆಯದ್ದು. 2017ರಲ್ಲಿ ಬಂದ ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಅನ್ನು ಅವನ ನೂರನೇ ಸಿನಿಮಾ ಅಂತಲೇ ಪ್ರಚಾರ ಮಾಡಿದರು. ಯಾಕುಜಾ ಅನ್ನುವ ಜಪಾನೀ ಭೂಗತ ಗ್ಯಾಂಗುಗಳ ಕತೆ, ಭೂತದ ಕತೆ, ಸಮುರಾಯ್, ಮಕ್ಕಳ ಸಿನಿಮಾ, ಹಾಡು-ಕುಣಿತ, ಪುಟ್ಟ ಹುಡುಗಿಯರಿಗಾಗಿ ಟಿವಿ ಧಾರಾವಾಹಿ, ಎಲ್ಲವೂ ಇವೆ. ನಾನು ಬಗೆಬಗೆಯಾಗಿ ವಿಂಗಡಿಸಿ, ಬಗೆಗೊಂದರಂತೆ ಆರಿಸಿದ್ದೆ. ಹೋಟೆಲಿನ ಮೆನು ಕಾರ್ಡು ಇದ್ದ ಹಾಗೆ. ಅಲ್ಲೇ ಎಡವಿದ್ದು.

ಹೊಸದಾಗಿ ಗೀಟೆಳೆದು ನಾಲ್ಕು ಅಂಕಣ ಮಾಡಿದೆ. ವರ್ಷ. ಥಿಯೇಟರಿಗೋ ವಿಡಿಯೊಗೋ. ಸ್ವಂತದ್ದೋ ಹಳೆಯದರ ಮರುಸೃಷ್ಟಿಯೋ. ನಾಲ್ಕನೆಯದು ‘ಎಲ್ಲಿಯವರು?’ — ಮುಖ್ಯ ಪಾತ್ರದ ಊರು ಯಾವುದು, ಅವರೀಗ ಇರುವುದೆಲ್ಲಿ. ಇದನ್ನು ಸುಮ್ಮನೆ ಹಾಕಿದ್ದು. ಕೊನೆಗೆ ಕೈಹಿಡಿದದ್ದು ಇದೇ.

ಎರಡನೇ ಅಂಕಣದ ಬಗ್ಗೆ ಸ್ವಲ್ಪ ಹೇಳಬೇಕು. ಮೀಕೆ 1960ರಲ್ಲಿ ಒಸಾಕಾ ಪ್ರಾಂತ್ಯದ ಯಾಓದಲ್ಲಿ ಹುಟ್ಟಿದವನು. ಯೊಕೊಹಾಮಾದಲ್ಲಿ ಹಿರಿಯ ನಿರ್ದೇಶಕ ಶೋಹೈ ಇಮಾಮುರಾ ಕಟ್ಟಿದ ಸಿನಿಮಾ ಶಾಲೆಗೆ ಸೇರಿದ, ತರಗತಿಗೆ ಹೋದದ್ದು ಕಡಿಮೆ. ಆಮೇಲೆ ಸಹಾಯಕನಾಗಿ ವರ್ಷಗಟ್ಟಲೆ ಮಣ್ಣು ಹೊತ್ತ, ಇಮಾಮುರಾ ಹತ್ತಿರವೂ ದುಡಿದ. 1989ರಲ್ಲಿ ತೋಯೈ ಕಂಪನಿ ‘ವಿ-ಸಿನಿಮಾ’ ಅಂತ ಶುರು ಮಾಡಿತು. ಥಿಯೇಟರಿನ ಮುಖ ನೋಡದೆ ನೇರ ವಿಡಿಯೊ ಅಂಗಡಿಗೆ ಹೋಗುವ ಚಿತ್ರಗಳು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. 1991ರಿಂದ ಮೀಕೆ ನಿರ್ದೇಶಕನಾಗಿ ಕೈ ಪಳಗಿಸಿಕೊಂಡದ್ದು ಈ ಸಂತೆಯಲ್ಲಿ. ದುಡ್ಡು ಕಡಿಮೆ, ದಿನಗಳೂ ಕಡಿಮೆ. ಆದರೆ ಡಬ್ಬದ ಮೇಲೆ ಹಾಕಲು ಗೊತ್ತಿರುವ ಮುಖ, ಒಳಗೆ ಸಾಕಷ್ಟು ಹೊಡೆದಾಟ ಇದ್ದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅವನ ಹುಚ್ಚಾಟಗಳೆಲ್ಲ ಹುಟ್ಟಿದ್ದು ಆ ‘ಯಾರೂ ಕೇಳದ’ ಜಾಗದಲ್ಲಿ.

ಎರಡನೇ ಶನಿವಾರ ‘ರೈನಿ ಡಾಗ್’ ಹಾಕಿದೆ. 1997ರದ್ದು, ತೈವಾನಿನಲ್ಲಿ ತೆಗೆದದ್ದು. ಊರಿಗೆ ಮರಳಲಾಗದ ಜಪಾನೀ ಬಾಡಿಗೆ ಕೊಲೆಗಾರ ತೈಪೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಹಳೆಯ ಪರಿಚಯದ ಹೆಂಗಸೊಬ್ಬಳು ‘ನಿನ್ನ ಮಗ’ ಅಂತ ಮಾತು ಬಾರದ ಹುಡುಗನನ್ನು ಬಿಟ್ಟು ಹೋಗುತ್ತಾಳೆ. ಇವನು ಅವನನ್ನು ಒಳಗೆ ಕರೆಯುವುದೂ ಇಲ್ಲ, ಓಡಿಸುವುದೂ ಇಲ್ಲ. ಸುರಿಯುವ ಮಳೆಯಲ್ಲಿ ಹುಡುಗ ಹೊರಗೇ ಬೀದಿನಾಯಿಯ ಪಕ್ಕ ಮುದುಡಿ ಮಲಗುತ್ತಾನೆ. ಕ್ಯಾಮೆರಾ ಹತ್ತಿರ ಹೋಗಿ ಕಣ್ಣೀರು ಕೇಳುವುದಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಸಿನಿಮಾ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. “ಇವನೇನಾ ಹೋದ ವಾರದವನು?” ಅಂತ ಮಾತ್ರ ಕೇಳಿದರು.

ಅಂಕಣ ತುಂಬುತ್ತಾ ಹೋಯಿತು. 1995ರ ‘ಶಿಂಜುಕು ಟ್ರಯಾಡ್ ಸೊಸೈಟಿ’ಯ ಪೊಲೀಸಿನವನದು ಅರ್ಧ ಚೀನೀ ರಕ್ತ. ‘ಲೇ ಲೈನ್ಸ್’ನ ಹುಡುಗರು ಜಪಾನಿನಲ್ಲಿ ಬೆಳೆದ ಚೀನೀ ಮೂಲದವರು, ಬ್ರೆಜಿಲ್‌ಗೆ ಓಡಿಹೋಗುವ ಕನಸಿನವರು. ‘ದಿ ಸಿಟಿ ಆಫ್ ಲಾಸ್ಟ್ ಸೋಲ್ಸ್’ನ ನಾಯಕ ಬ್ರೆಜಿಲ್‌ನಿಂದ ಬಂದ ಜಪಾನೀ ಮೂಲದವನು. ಯಾರಿಗೂ ತಾನಿರುವ ಜಾಗ ತನ್ನದಲ್ಲ. ರಕ್ತದ ಕೋಡಿಯನ್ನಷ್ಟೇ ನೋಡಿದವರಿಗೆ ಇದು ಕಾಣಿಸುವುದೇ ಇಲ್ಲ. ಮೊದಲ ಸುತ್ತಿನಲ್ಲಿ ನನಗೂ ಕಾಣಿಸಿರಲಿಲ್ಲ.

‘ಇಚಿ ದ ಕಿಲ್ಲರ್’ ಪಟ್ಟಿಯಲ್ಲಿತ್ತು, ತೆಗೆದೆ. 2001ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರಿಗೆ ವಾಂತಿ ಚೀಲ ಹಂಚಿದ್ದರು ಅನ್ನುವುದನ್ನು ಅಭಿಮಾನಿಗಳು ಹೆಮ್ಮೆಯಿಂದ ಹೇಳುತ್ತಾರೆ. ಅದರಲ್ಲಿ ಹೆಂಗಸರ ಮೇಲಿನ ಹಿಂಸೆಯನ್ನು ನಾನು ಎರಡು ಸಲ ನೋಡಿದ್ದೇನೆ, ಎರಡೂ ಸಲ ಅದು ಟೀಕೆಯೋ ತೆವಲೋ ಅಂತ ತೀರ್ಮಾನಿಸಲಾಗಲಿಲ್ಲ. ತೀರ್ಮಾನವಾಗದ್ದನ್ನು ನೆರೆಹೊರೆಯವರ ಮುಂದೆ ಇಡುವ ಧೈರ್ಯ ಬರಲಿಲ್ಲ. ಅದೇ ಸಿನಿಮಾದ ಬಗ್ಗೆ ಇನ್ನೊಂದು ಮುಖಭಂಗವೂ ಆಯಿತು. ಮೂಲ ಮಂಗಾ, ಅಂದರೆ ಜಪಾನೀ ಕಾಮಿಕ್ಸ್, ಬರೆದವನ ಹೆಸರು ಹಿದೆಒ ಯಾಮಾಮೊತೊ, ಛಾಯಾಗ್ರಾಹಕನ ಹೆಸರೂ ಹಿದೆಒ ಯಾಮಾಮೊತೊ. “ಬರೆದವನೇ ಕ್ಯಾಮೆರಾನೂ ಹಿಡಿದಿದ್ದಾನೆ ನೋಡಿ” ಅಂತ ಎಲ್ಲರೆದುರು ಕೊಚ್ಚಿಕೊಂಡಿದ್ದೆ. ಅವರು ಬೇರೆ ಬೇರೆ ಜನ ಅಂತ ಗೊತ್ತಾದದ್ದು ತಿಂಗಳ ಮೇಲೆ.

ಅದರ ಬದಲಿಗೆ ಅದೇ 2001ರ ‘ದಿ ಹ್ಯಾಪಿನೆಸ್ ಆಫ್ ದ ಕಟಕುರೀಸ್’ ಹಾಕಿದೆ, ಮನೆ ಹಾರಿಹೋಗುವಷ್ಟು ನಗು. ಕೊರಿಯಾದ ‘ದಿ ಕ್ವಯಟ್ ಫ್ಯಾಮಿಲಿ’ಯ ಮರುಸೃಷ್ಟಿ. ಬೆಟ್ಟದ ಮೇಲೆ ಒಂದು ಕುಟುಂಬ ಅತಿಥಿಗೃಹ ತೆರೆಯುತ್ತದೆ. ನಮ್ಮ ಮಲೆನಾಡಿನ ಹೋಂಸ್ಟೇ ಅಂದುಕೊಳ್ಳಿ. ಯಾರೂ ಬರುವುದಿಲ್ಲ, ಬಂದವರು ಸಾಯುತ್ತಾರೆ. ವ್ಯವಹಾರಕ್ಕೆ ಕೆಟ್ಟ ಹೆಸರು ಬಂದೀತೆಂದು ಮನೆಮಂದಿ ಹೆಣ ಹೂಳುತ್ತಾರೆ, ನಡುನಡುವೆ ಹಾಡಿ ಕುಣಿಯುತ್ತಾರೆ. ಕೆಲವು ದೃಶ್ಯಗಳಲ್ಲಿ ಮನುಷ್ಯರೆಲ್ಲ ಮಣ್ಣಿನ ಬೊಂಬೆಗಳಾಗಿಬಿಡುತ್ತಾರೆ. ಅದು ತೀರಾ ಹುಡುಗಾಟ, ಆದರೆ ಆ ಕುಟುಂಬ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ನಿಲ್ಲುವುದು ಹುಡುಗಾಟವಲ್ಲ.

ಕೊನೆಯ ಶನಿವಾರಕ್ಕೆ ಉಳಿಸಿಕೊಂಡಿದ್ದು ‘ದಿ ಬರ್ಡ್ ಪೀಪಲ್ ಇನ್ ಚೈನಾ’, 1998. ಜೇಡ್ ಅನ್ನುವ ಹಸಿರು ಕಲ್ಲು ಹುಡುಕಲು ಕಂಪನಿ ಕಳಿಸಿದ ಗುಮಾಸ್ತ, ಕಂಪನಿಯಿಂದ ಸಾಲ ವಸೂಲಿಗೆ ಬಂದ ಯಾಕುಜಾ, ಇಬ್ಬರೂ ಚೀನಾದ ಯುನ್ನಾನ್ ಬೆಟ್ಟಗಳತ್ತ ಹೊರಡುತ್ತಾರೆ. ಆಮೆಗಳು ಎಳೆಯುವ ತೆಪ್ಪದಲ್ಲಿ ನದಿ ಹಾಯುತ್ತಾರೆ. ಅಲ್ಲಿ ಮಕ್ಕಳು ತೋಳಿಗೆ ರೆಕ್ಕೆ ಕಟ್ಟಿಕೊಂಡು ಹಾರುವುದನ್ನು ಅಭ್ಯಾಸ ಮಾಡುತ್ತಿರುತ್ತಾರೆ. ಇದನ್ನು ಮೊದಲನೇ ವಾರ ಹಾಕಿದ್ದರೆ ಎದ್ದುಹೋದವರು ಉಳಿಯುತ್ತಿದ್ದರು, ನಿಜ. ಆದರೂ ಕೊನೆಗೇ ಇರಲಿ ಅನ್ನುತ್ತೇನೆ. ಹನ್ನೊಂದು ವಾರ ಊರಿಲ್ಲದವರನ್ನೇ ನೋಡಿದ ಮೇಲೆ, ಆ ಯಾಕುಜಾ ಬೆಟ್ಟದ ಹಳ್ಳಿ ಬಿಟ್ಟು ಬರಲು ಒಪ್ಪದೆ ಹಟ ಹಿಡಿದಾಗ ಕೋಣೆಯಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ.

ಆ ದಿನ ಅತ್ತೆ ಬಾಗಿಲ ಬಳಿ ನಿಂತು, “ಮೂಟೆ ಇದೆಯೇನೇ ಇದ್ರಲ್ಲಿ?” ಅಂತ ಕೇಳಿಕೊಂಡೇ ಒಳಗೆ ಬಂದರು. ಇಲ್ಲ ಅಂದೆ. ಪೂರ್ತಿ ನೋಡಿದರು. ಎಲ್ಲರೂ ಹೋದ ಮೇಲೆ ಲೋಟ ಒಟ್ಟು ಮಾಡುತ್ತಾ ಕೇಳಿದರು:

“ಅವತ್ತಿನ ಸಿನಿಮಾದಲ್ಲಿ ಮಗ ಇದ್ನಲ್ಲ, ಅಪ್ಪಂಗೆ ಮದ್ವೆ ಆಗು ಅಂತಿದ್ದೋನು. ಉಳ್ಕೊಂಡ್ನಾ?”

“ಉಳ್ಕೊಂಡ ಅತ್ತೆ.”

“ಸದ್ಯ” ಅಂದು ಲೋಟಗಳನ್ನು ಕೆಳಗೆ ಒಯ್ದರು.