ಎಡಪುಟದಲ್ಲಿ ಕೊಗ್ಗಲ, ಬಲಪುಟದಲ್ಲಿ ಕಲಬುರಗಿ: ಶ್ರೀಲಂಕಾದ ಬರವಣಿಗೆ ಶಿಬಿರದ ನನ್ನ ಅನುಭವ

ಐದಾರು ವರ್ಷಗಳಿಂದ ಅರ್ಧಕ್ಕೇ ನಿಂತಿದ್ದ ನನ್ನ ಕಾದಂಬರಿಯ ಕರಡು ಈಗ ಮುಗಿದಿದೆ. ಅದು ಮುಗಿದದ್ದು 2024ರ ಫೆಬ್ರುವರಿಯಲ್ಲಿ ಶ್ರೀಲಂಕಾದ ದಕ್ಷಿಣ ಕರಾವಳಿಯ ಕೊಗ್ಗಲದಲ್ಲಿ ನಡೆದ ಬರವಣಿಗೆ ಶಿಬಿರದಿಂದ, ಅದಕ್ಕಿಂತ ಹೆಚ್ಚಾಗಿ ಆ ಶಿಬಿರದಲ್ಲಿ ನಾನು ಹಟ ಹಿಡಿದು ನಡೆಸಿದ ಒಂದು ಕ್ರಮದಿಂದ. ಹೊರಡುವ ಮುನ್ನ ಕಲಬುರಗಿಯ ಬರಹಗಾರ ಮಿತ್ರರಲ್ಲಿ ಒಬ್ಬರೂ ಈ ಪ್ರಯಾಣವನ್ನು ಒಪ್ಪಿರಲಿಲ್ಲ. ನಾನು ಗೌರವಿಸುವ ಹಿರಿಯ ಕಥೆಗಾರರೊಬ್ಬರು, “ಅಕ್ಕೋರೇ, ಇಲ್ಲಿ ಕುಂತು ಬರಿಲಾಕ ಆಗಲಾರದ್ದು ಅಲ್ಲಿ ಹೋದ್ರ ಹ್ಯಾಂಗ ಆಗ್ತದ್ರಿ? ಹೆಚ್ಚಂದ್ರ ಒಂದು ಪ್ರವಾಸ ಕಥನ ಬರಕೊಂಡು ಬರ್ತೀರಿ” ಎಂದಿದ್ದರು. ಪ್ರವಾಸ ಕಥನದ ಒಂದು ಪುಟವನ್ನೂ ನಾನು ಬರೆಯಲಿಲ್ಲ. ಅಲ್ಲಿ ಬರೆದದ್ದೆಲ್ಲ ಕಲಬುರಗಿಯ ಶರಣಬಸವೇಶ್ವರ ಗುಡಿಯ ಆಸುಪಾಸಿನಲ್ಲಿ ಖಾನಾವಳಿ ನಡೆಸುವ ಹೆಣ್ಣುಮಗಳೊಬ್ಬಳ ಕಥೆ.

ಅದಕ್ಕೂ ಮೊದಲು ಕೈಗೂಡದ ದಾರಿಗಳು ಹಲವಿದ್ದವು. ನಿವೃತ್ತಿಯಾದ ಮೇಲೆ ಮನೆಯಲ್ಲೇ ಬೆಳಗಿನ ಮೂರು ತಾಸು ಬರೆಯುವುದೆಂದು ನಿಶ್ಚಯಿಸಿದೆ; ನಿವೃತ್ತ ಶಿಕ್ಷಕಿ ಮನೆಯಲ್ಲಿದ್ದಾರೆಂದು ಗೊತ್ತಾದ ಓಣಿಯಲ್ಲಿ ಆ ಮೂರು ತಾಸು ಯಾರಿಗೂ ಉಳಿಯುವುದಿಲ್ಲ. ಅನಂತರ ನಮ್ಮ ರಾಜ್ಯದ್ದೇ ಒಂದು ಗಿರಿಧಾಮದಲ್ಲಿ ನಡೆದ ಶಿಬಿರಕ್ಕೆ ಹದಿನೆಂಟು ಸಾವಿರದಷ್ಟು ಕಟ್ಟಿ ಹೋದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಉಪನ್ಯಾಸಗಳು, ಕೊನೆಯ ದಿನ ಪ್ರಮಾಣಪತ್ರ ಮತ್ತು ಗುಂಪಿನ ಭಾವಚಿತ್ರ. ನಾನು ಬರೆದದ್ದು ಒಂದೂವರೆ ಪುಟ. ಮುಂದೆ ವಸತಿ, ಊಟ ಎಲ್ಲವನ್ನೂ ತಾವೇ ಭರಿಸುವ ವಿದೇಶಿ ಸಂಸ್ಥೆಗಳಿಗೆ ಅರ್ಜಿ ಹಾಕಿದೆ. ಪ್ರತಿಯೊಂದು ಅರ್ಜಿಗೂ ಇಪ್ಪತ್ತು ಮೂವತ್ತು ಡಾಲರ್ ಶುಲ್ಕ, ಜೊತೆಗೆ ಇಂಗ್ಲಿಷಿನಲ್ಲಿ ಹತ್ತು ಹದಿನೈದು ಪುಟಗಳ ಮಾದರಿ ಬರಹ. ನನ್ನ ಕನ್ನಡವನ್ನು ನಾನೇ ಇಂಗ್ಲಿಷಿಗೆ ತಂದಾಗ ಖಾನಾವಳಿಯ ಮಾತುಗಳೆಲ್ಲ ಪಠ್ಯಪುಸ್ತಕದ ಮಾತುಗಳಾದವು. ಕೆಲವರು ಎರಡು ಸಾಲಿನ ವಿಷಾದಪತ್ರ ಕಳುಹಿಸಿದರು, ಉಳಿದವರು ಅದನ್ನೂ ಕಳುಹಿಸಲಿಲ್ಲ. ಹಣ ಕೊಟ್ಟು ಹೋಗುವ ಶಿಬಿರವೊಂದಕ್ಕೆ ಮುಂಗಡ ಕಟ್ಟಿದ್ದೆ. ಜನ ಸೇರಲಿಲ್ಲವೆಂದು ಅದು ರದ್ದಾಯಿತು, ಮುಂಗಡದ ಅರ್ಧ ಮಾತ್ರ ಮರಳಿ ಬಂತು. ಎಲ್ಲ ಸೇರಿ ಹತ್ತಿರ ಹತ್ತಿರ ನಲವತ್ತು ಸಾವಿರ ಹೋದ ಮೇಲೆ ಮನೆಯವರು ಈ ಮಾತೆತ್ತುವುದನ್ನೇ ಬೇಡವೆಂದರು.

ಶ್ರೀಲಂಕಾವನ್ನು ಆರಿಸಿದ್ದು ಲೆಕ್ಕ ಹಾಕಿಯೇ. ಹೈದರಾಬಾದಿನಿಂದ ಕೊಲಂಬೊಗೆ ನೇರ ವಿಮಾನವಿತ್ತು, ಹೈದರಾಬಾದ್ ನಮಗೆ ರೈಲಿನಲ್ಲಿ ನಾಲ್ಕೈದು ತಾಸು. ಆ ತಿಂಗಳುಗಳಲ್ಲಿ ಭಾರತೀಯರಿಗೆ ಪ್ರವಾಸಿ ವೀಸಾ ಶುಲ್ಕವನ್ನು ಅಲ್ಲಿನ ಸರ್ಕಾರ ತೆಗೆದಿತ್ತು. ಆನ್‌ಲೈನಿನಲ್ಲಿ ಅನುಮತಿ ಪಡೆದರೆ ಸಾಕಿತ್ತು. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆಗಿಂತ ತುಸು ಹೆಚ್ಚು ಸಿಗುತ್ತಿತ್ತು. ಆ ವರ್ಷ ತೊಗರಿಗೆ ಕ್ವಿಂಟಲಿಗೆ ಹತ್ತು ಸಾವಿರದ ಆಚೆಗೆ ಧಾರಣೆ ಸಿಕ್ಕಿದ್ದರಿಂದ ನನ್ನ ಪಾಲಿನ ಹೊಲದ ದುಡ್ಡು ಕೈಯಲ್ಲಿತ್ತು. ಶಿಬಿರದವರು ಕೇಳಿದ್ದು ಸುಮಾರು ಸಾವಿರ ಡಾಲರ್. ದೋಣಿ ವಿಹಾರ, ಯೋಗ, ಎಣ್ಣೆ ಮಾಲೀಸು, ಕಡಲಾಟ ಇವೆಲ್ಲ ನನಗೆ ಬೇಡ, ಕೋಣೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುತ್ತೇನೆ, ಅದರ ಬದಲು ಅಡುಗೆಮನೆಗೆ ಪ್ರವೇಶ ಕೊಡಿ ಎಂದು ಪತ್ರ ಬರೆದೆ. ಶುಲ್ಕ ಏಳುನೂರರ ಆಸುಪಾಸಿಗೆ ಇಳಿಯಿತು. ಆ ಪತ್ರದಲ್ಲಿ ಇನ್ನೆರಡು ವಾಕ್ಯಗಳಿದ್ದವು, ಕೆಲಸ ಮಾಡಿದ್ದು ಅವೇ. ಅವನ್ನು ಇಲ್ಲಿ ಬರೆಯುವುದಿಲ್ಲ. ವಿಮಾನಕ್ಕೆ ಇಪ್ಪತ್ನಾಲ್ಕು ಸಾವಿರದಷ್ಟು, ಮೇಲ್ಖರ್ಚು ಇಪ್ಪತ್ತು ಸಾವಿರ. ಒಟ್ಟು ಒಂದು ಲಕ್ಷದ ಮೇಲೆ ನಾಲ್ಕೈದು ಸಾವಿರ ಆಗಿರಬೇಕು. ಯುಪಿಐ ಅಲ್ಲಿ ಅದೇ ತಿಂಗಳು ಆರಂಭವಾಗಿತ್ತಾದರೂ ಹಳ್ಳಿಯ ಅಂಗಡಿಗಳಲ್ಲಿ ನಗದೇ ನಡೆಯಿತು.

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆಯವರೆಗೆ ರೈಲು ಸಮುದ್ರದ ದಂಡೆಯಗುಂಟ ಓಡುತ್ತದೆ. ಅಲ್ಲಿಂದ ಕೊಗ್ಗಲಕ್ಕೆ ಆಟೊ. ಶಿಬಿರದ ಮನೆ ಕೊಗ್ಗಲ ಸರೋವರದ ಕಡೆಗಿತ್ತು. ನಾವು ಎಂಟೊಂಬತ್ತು ಜನ, ಹೆಚ್ಚಿನವರು ಇಂಗ್ಲಿಷಿನಲ್ಲಿ ಬರೆಯುವವರು.

ನನ್ನ ಕ್ರಮ ಇದು. ಗೆರೆ ಹಾಕಿದ ಉದ್ದನೆಯ ನೋಟುಪುಸ್ತಕದ ಎಡಪುಟದಲ್ಲಿ ಆ ದಿನ ಬೆಳಿಗ್ಗೆ ಅಲ್ಲಿನ ಅಡುಗೆಮನೆಯಲ್ಲಿ, ಸಂತೆಯಲ್ಲಿ ಅಥವಾ ತೋಟದಲ್ಲಿ ಒಬ್ಬರು ಮಾಡುವ ಒಂದೇ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುವುದು. ರುಚಿ ಹೇಗಿತ್ತು, ನೋಟ ಎಷ್ಟು ಸುಂದರವಾಗಿತ್ತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ, ಕೈ ಏನು ಮಾಡಿತು ಎಂಬುದಷ್ಟೇ. ಅದೇ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಎದುರಿನ ಬಲಪುಟದಲ್ಲಿ ನನ್ನ ನಾಯಕಿ ಕಲಬುರಗಿಯಲ್ಲಿ ಮಾಡುವ ಒಂದು ಕೆಲಸವನ್ನು ಅಷ್ಟೇ ಉದ್ದಕ್ಕೆ ಬರೆಯಬೇಕು. ಎಡಪುಟದ ಒಂದು ಪದವೂ ಬಲಪುಟಕ್ಕೆ ದಾಟಕೂಡದು. ಊಟದ ನಂತರ ಬಲಪುಟವನ್ನು ಮಾತ್ರ ಹಿಡಿದು ಅಧ್ಯಾಯವನ್ನು ಮುಂದುವರಿಸುವುದು.

ಮೊದಲ ಬೆಳಿಗ್ಗೆ ಅಡುಗೆಯವರು ಪೊಲ್ ಸಂಬೋಲ, ಅಂದರೆ ತೆಂಗಿನ ತುರಿಯ ಚಟ್ನಿ, ಮಾಡುತ್ತಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುತ್ತಿದ್ದೆವು. ತಗ್ಗಿನ ತುರಿಮಣೆಯ ಮೇಲೆ ಕುಳಿತು, ಎರಡೂ ಅಂಗೈಗಳಲ್ಲಿ ತೆಂಗಿನ ಹೋಳನ್ನು ಹಿಡಿದು, ಹಲ್ಲಿನ ಅಲಗಿಗೆ ಒತ್ತಿ ತಿರುಗಿಸುತ್ತ ಅವರು ಅಂಚಿನಿಂದ ಒಳಕ್ಕೆ ತುರಿಯುತ್ತಿದ್ದರು. ಬಿಳಿಯ ಕೆಳಗಿನ ಕಂದು ಪದರ ಕಾಣಿಸಲು ಇನ್ನೇನು ಒಂದು ಸುತ್ತು ಉಳಿದಿದೆ ಎನ್ನುವಾಗ ನೋಡದೆಯೇ ಕೈ ನಿಲ್ಲುತ್ತಿತ್ತು, ಹೋಳು ಪಕ್ಕಕ್ಕೆ ಹೋಗುತ್ತಿತ್ತು. ಚಪ್ಪಟೆ ಕಲ್ಲಿನ ಮೇಲೆ ಒಣಮೆಣಸಿನಕಾಯಿ, ಉಪ್ಪು, ಸಣ್ಣ ಕೆಂಪು ಈರುಳ್ಳಿಯನ್ನು ಅರೆದು, ಕೊನೆಗೆ ತುರಿಯನ್ನು ಅದರ ಮೇಲೆಯೇ ಹೊರಳಿಸಿ, ನಿಂಬೆ ಹಿಂಡಿದರು. ಅದನ್ನೆಲ್ಲ ಎಡಪುಟದಲ್ಲಿ ಬರೆಯುತ್ತಿದ್ದಾಗಲೇ ನನ್ನ ಕಾದಂಬರಿ ಐದು ವರ್ಷ ಯಾಕೆ ನಿಂತಿತ್ತೆಂಬುದು ತಿಳಿಯಿತು. ನನ್ನ ಖಾನಾವಳಿಯ ಹೆಂಗಸು ನೂರು ಪುಟಗಳುದ್ದಕ್ಕೂ ಮಾತಾಡುತ್ತಿದ್ದಳು, ಕೆಲಸ ಮಾಡುತ್ತಿರಲಿಲ್ಲ. ಬಲಪುಟದಲ್ಲಿ ಅವಳನ್ನು ಶೇಂಗಾ ಹುರಿಯಲು ಕೂರಿಸಿದೆ. ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಸಿಪ್ಪೆ ಹಾರಿಸಿ, ಒಳಕಲ್ಲಿನಲ್ಲಿ ಖಾರ ಬೆಳ್ಳುಳ್ಳಿ ಸೇರಿಸಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತ ಅವಳು ಗಂಡನ ಸಾಲಗಾರನಿಗೆ ಮೂರೇ ಮಾತಿನ ಉತ್ತರ ಕೊಟ್ಟಳು. ಎಷ್ಟೋ ಸಲ ತಿದ್ದಿ ಕೈಬಿಟ್ಟಿದ್ದ ಪ್ರಸಂಗ ಆ ಮಧ್ಯಾಹ್ನವೇ ಮುಗಿಯಿತು.

ನನ್ನಂತೆ ಸಸ್ಯಾಹಾರಿಗಳಾದವರು ಒಂದು ಸಂಗತಿಯನ್ನು ತಿಳಿದಿರಬೇಕು. ಅಲ್ಲಿ ಸಂಬೋಲಕ್ಕೂ ಹಲವು ತರಕಾರಿ ಪಲ್ಯಗಳಿಗೂ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುವ ರೂಢಿಯಿದೆ. ಮಾಂಸ ತಿನ್ನುವುದಿಲ್ಲ ಎಂದು ಹೇಳಿದರೆ ಸಾಲದು, ಈ ಹೆಸರನ್ನೇ ಹಿಡಿದು ಬೇಡವೆನ್ನಬೇಕು. ಅದನ್ನು ಬಿಟ್ಟರೆ ನಮಗೆ ಅಲ್ಲಿ ಊಟದ ಕೊರತೆಯಿಲ್ಲ. ತೆಂಗಿನ ಹಾಲಿನ ಬೇಳೆ ಸಾರು, ಎಳೆ ಹಲಸಿನ ಪೊಲೊಸ್, ಒಂದೆಲಗದ ಸಂಬೋಲ, ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ. ತೆಂಗಿನ ಹಾಲಿನಲ್ಲಿ ಅನ್ನ ಬೇಯಿಸಿ ತಟ್ಟಿ ಚೌಕಳಿಯಾಗಿ ಕೊಯ್ಯುವ ಕಿರಿಬತ್ ಅನ್ನು ಶುಭದಿನಗಳಲ್ಲಿ ಮಾಡುತ್ತಾರೆ. ಅದರ ಎದುರಿನ ಬಲಪುಟದಲ್ಲಿ ಎಳ್ಳಮಾವಾಸ್ಯೆಯ ಸಜ್ಜೆ ಕಡುಬು, ಭಜ್ಜಿ ಮತ್ತು ಹೊಲದಲ್ಲಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ನೈವೇದ್ಯ ಎರಚುವ ಪ್ರಸಂಗ ಬಂತು. ಅದು ಈಗ ಕಾದಂಬರಿಯ ಅತ್ಯಂತ ಗಟ್ಟಿ ಅಧ್ಯಾಯವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅಡುಗೆಮನೆಯಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅವರ ಕುರಕ್ಕನ್ ಹಿಟ್ಟು, ಅಂದರೆ ರಾಗಿ, ಅದರಿಂದ ನಮ್ಮ ಜೋಳದಂತೆ ರೊಟ್ಟಿ ಬಡಿಯಲು ಹೊರಟೆ. ಜೋಳಕ್ಕೆ ಹಾಕುವಷ್ಟೇ ಎಸರು ಹಾಕಿ ನಾದಿದಾಗ ಅಂಗೈಯಗಲಕ್ಕೇ ಅಂಚು ಸೀಳಿತು. ಕುದಿಯುವ ನೀರಿಗೇ ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿಯಿರುವಾಗಲೇ ನಾದಿದಾಗ ಒಂದು ಗೇಣಿನಷ್ಟು ಅಗಲವಾಯಿತು. ಅಕ್ಕ ಅದನ್ನು ಸಂಬೋಲದೊಂದಿಗೆ ತಿಂದು ಇನ್ನೊಂದು ಬಡಿಯಲು ಹೇಳಿದರು.

ತೋಟದಲ್ಲಿ ದಾಲ್ಚಿನ್ನಿ ಸುಲಿಯುವವರನ್ನು ನೋಡಿದ್ದು ಕಾದಂಬರಿಯ ಕಟ್ಟಣೆಗೆ ನೆರವಾಯಿತು. ಅವರು ನೆಲದ ಮೇಲೆ ಕುಳಿತು ಕೊಂಬೆಯ ಹೊರಸಿಪ್ಪೆ ಕೆರೆಯುತ್ತಾರೆ, ಹಿತ್ತಾಳೆಯ ಸರಳಿನಿಂದ ಉಜ್ಜಿ ಒಳತೊಗಟೆಯನ್ನು ಸಡಿಲಗೊಳಿಸುತ್ತಾರೆ, ಚಾಕುವಿನಿಂದ ಉದ್ದಕ್ಕೆ ಸೀಳಿ ಇಡಿಯಾಗಿ ಬಿಡಿಸುತ್ತಾರೆ. ಒಣಗುತ್ತ ಸುರುಳಿಯಾಗುವ ದೊಡ್ಡ ತೊಗಟೆಯೊಳಗೆ ಮುರಿದ ಚೂರುಗಳನ್ನೆಲ್ಲ ತುಂಬುತ್ತಾರೆ. ಚೂರೆಂದು ಎಸೆಯುವುದು ಯಾವುದೂ ಇಲ್ಲ. ನನ್ನ ಬಳಿಯೂ ಎಲ್ಲಿಯೂ ಹೊಂದದ ಹತ್ತಾರು ತುಣುಕು ಬರಹಗಳು ಬಿದ್ದಿದ್ದವು. ಅವನ್ನು ಅಧ್ಯಾಯಗಳಾಗಿ ಬೆಳೆಸುವ ಪ್ರಯತ್ನವನ್ನು ಬಿಟ್ಟು ಉದ್ದನೆಯ ಅಧ್ಯಾಯಗಳ ನಡುವೆ ಹಾಗೆಯೇ ಸೇರಿಸಿದೆ.

ಬರೆದದ್ದನ್ನು ಎಲ್ಲರ ಮುಂದೆ ಓದುವ ಸಂಜೆಯ ಕೂಟದಲ್ಲಿ ನಿಜವಾದ ಜಗ್ಗಾಟ ನಡೆಯಿತು. ಕನ್ನಡ ಯಾರಿಗೂ ತಿಳಿಯದ ಕಾರಣ ಇಂಗ್ಲಿಷ್ ಸಾರಾಂಶವನ್ನಷ್ಟೇ ಓದಬೇಕೆಂದು ಶಿಬಿರ ನಡೆಸುವವರು ಸೂಚಿಸಿದರು. ನಾನು ಒಪ್ಪಲಿಲ್ಲ. ಮೊದಲು ಕನ್ನಡದಲ್ಲೇ ಓದುತ್ತೇನೆ, ಕೇಳುತ್ತಿರುವಾಗ ಮನಸ್ಸು ಆಚೀಚೆ ಹೋಯಿತೆನಿಸಿದ ಕೂಡಲೇ ಕೈ ಎತ್ತಿ, ಆಮೇಲೆ ಅರ್ಥ ಹೇಳುತ್ತೇನೆ ಎಂದೆ. ಅವರ ಕೈ ಎದ್ದ ಕಡೆಗಳಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಹತ್ತರಲ್ಲಿ ಏಳೆಂಟು ಗುರುತುಗಳು ನನಗೂ ಒಳಗೊಳಗೆ ಜಾಳೆನಿಸಿದ್ದ ಸಂಭಾಷಣೆಗಳ ಮೇಲೆಯೇ ಬಿದ್ದವು. ಲಯ ಸಡಿಲವಾದದ್ದು ಭಾಷೆ ಬಾರದ ಕಿವಿಗೂ ತಿಳಿಯುತ್ತದೆ. ಕೊನೆಕೊನೆಗೆ ಇನ್ನಿಬ್ಬರು ತಮ್ಮ ತಾಯ್ನುಡಿಯಲ್ಲಿ ಓದಲು ಶುರುಮಾಡಿದರು. ಯಾವ ಪುಟವನ್ನು ಓದಿಗೆ ಆರಿಸಬೇಕು ಎಂಬುದಕ್ಕೆ ನನ್ನದೊಂದು ಉಪಾಯವಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಹುಣ್ಣಿಮೆಯ ದಿನ ಅಲ್ಲಿ ಪೋಯ ರಜೆ. ಹೆಂಡದ ಅಂಗಡಿ, ಮಾಂಸದ ಅಂಗಡಿ ಮುಚ್ಚಿರುತ್ತವೆ. ಉಳಿದವರು ಗಾಲೆಯ ಕೋಟೆ ನೋಡಲು ಹೋದರು, ನಾನು ಅಕ್ಕನೊಂದಿಗೆ ಊರಿನ ಬೌದ್ಧ ವಿಹಾರಕ್ಕೆ ಹೋದೆ. ಬಿಳಿ ಬಟ್ಟೆ ಉಟ್ಟ ಹೆಂಗಸರು ಹೂವಿನ ತಟ್ಟೆಗೆ ನೀರು ಚಿಮುಕಿಸಿ, ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಮುಟ್ಟಿಸಿ ಮುಂದೆ ಸಾಗಿಸುತ್ತಿದ್ದರು. ಬೌದ್ಧ ಧರ್ಮವನ್ನು ಲಂಕೆಗೆ ತಂದವನು ಅಶೋಕನ ಮಗ ಮಹಿಂದನೆಂಬುದು ಅವರ ಪರಂಪರೆ. ನಮ್ಮ ಭೀಮಾ ದಂಡೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪ ಸಿಕ್ಕಿದೆ ಎಂದು ಹೇಳಿ ಫೋನಿನಲ್ಲಿದ್ದ ಚಿತ್ರವನ್ನು ತೋರಿಸಿದಾಗ ಅಕ್ಕ ಅದನ್ನು ಅಲ್ಲಿದ್ದ ಎಲ್ಲರಿಗೂ ತೋರಿಸಿದರು. ಅಲ್ಲಿಯವರೆಗೆ ನನ್ನ ನಾಯಕಿಯ ತವರೂರಿಗೆ ಹೆಸರಿರಲಿಲ್ಲ. ಆ ದಿನದ ಬಲಪುಟದಲ್ಲಿ ಅದು ಸನ್ನತಿಯಾಯಿತು. ಚಂದ್ರಲಾಂಬೆಯ ಗುಡಿಗೆ ನಡೆದು ಬರುವ ಭಕ್ತರಿಗೆ ಅವಳ ತಾಯಿ ರೊಟ್ಟಿ ಬುತ್ತಿ ಕಟ್ಟಿಕೊಡುವ ಪ್ರಸಂಗ ಒಂದೇ ಓಟದಲ್ಲಿ ಬಂತು.

ಕೊಗ್ಗಲದಲ್ಲೇ ಸಿಂಹಳದ ಲೇಖಕ ಮಾರ್ಟಿನ್ ವಿಕ್ರಮಸಿಂಘೆ ಅವರ ಮನೆ ಮತ್ತು ಜಾನಪದ ವಸ್ತುಸಂಗ್ರಹಾಲಯವಿದೆ. ಬರಹಗಾರನ ಮನೆಯ ಪಕ್ಕದಲ್ಲೇ ಆ ಸೀಮೆಯ ಜನರ ಪಾತ್ರೆ ಪಗಡ, ಕೃಷಿ ಸಲಕರಣೆಗಳನ್ನು ಸೇರಿಸಿಟ್ಟಿರುವುದು ನನಗೆ ಬಹಳ ಹಿಡಿಸಿತು. ಊರಿಗೆ ಮರಳಿದ ಮೇಲೆ ನನ್ನ ತವರಿನ ಅಟ್ಟದಲ್ಲಿದ್ದ ಸಾಮಾನುಗಳ ಪಟ್ಟಿ ಮಾಡಿದ್ದೇನೆ, ಅದರಿಂದಲೂ ಹಲವು ಬಲಪುಟಗಳು ತುಂಬಿವೆ.

ಶಿಬಿರದಲ್ಲಿ ಎಂಬತ್ತು ಪುಟಗಳಷ್ಟು ಬರೆದೆ, ಉಳಿದದ್ದು ಮಳೆಗಾಲದೊಳಗೆ ಇಲ್ಲಿಯೇ ಮುಗಿಯಿತು. ಪ್ರಕಾಶಕರೊಬ್ಬರು ಕರಡನ್ನು ಓದಿ ಒಪ್ಪಿದ್ದಾರೆ. ಪ್ರವಾಸ ಕಥನದ ಮಾತಾಡಿದ್ದ ಹಿರಿಯರು ನನ್ನ ನೋಟುಪುಸ್ತಕವನ್ನು ತರಿಸಿಕೊಂಡು ನೋಡಿದ್ದಾರೆ, ನಮ್ಮ ಬಳಗದ ಇಬ್ಬರು ಹೋಗಲು ಸಿದ್ಧರಾಗುತ್ತಿದ್ದಾರೆ. ಆ ಕರಾವಳಿಗೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಬೇಕು, ಆಗ ಮಳೆ ಕಡಿಮೆ. ಖಡಕ್ ರೊಟ್ಟಿ, ಹಿಂಡಿಯನ್ನು ಎರಡು ದಿನಕ್ಕಾಗುವಷ್ಟೇ ಒಯ್ಯಬೇಕು. ಹೆಚ್ಚು ಒಯ್ದರೆ ಅಡುಗೆಮನೆಯ ಕಡೆಗೆ ಕಾಲು ಹೋಗುವುದಿಲ್ಲ. ಶುಲ್ಕ ಇಳಿಸಲು ಪತ್ರ ಬರೆಯುವವರು ಮನೆಗೇ ಬರಲಿ, ಕುಳಿತು ಬರೆದುಕೊಡುತ್ತೇನೆ.