ಎರಡು ಹಂತದ ದೃಢೀಕರಣ: ನನ್ನ ಅನುಭವ

ಉಡುಪಿಯಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಗಿರಾಕಿಗಳ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟುಗಳೆಲ್ಲ ನನ್ನ ಜಿಮೇಲ್‌ಗೇ ಬರುವುದರಿಂದ, ಮತ್ತು ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಅಲ್ಲಿಗೇ ಬಂದು ಬೀಳುವುದರಿಂದ, ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆ) ಮೊದಲು ಅದಕ್ಕೇ ಅಳವಡಿಸಿದೆ.

ಆರಂಭದಲ್ಲಿ ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿಯನ್ನೇ ನೆಚ್ಚಿಕೊಂಡಿದ್ದೆ. ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಮನೆಯ ಕಡೆ ಸಿಗ್ನಲ್ಲೂ ಹೋಗುತ್ತದೆ. ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಅದಕ್ಕಿಂತಲೂ ಹೆಚ್ಚಾಗಿ, ವಂಚಕರು ನಮ್ಮ ಹೆಸರಿನಲ್ಲಿ ಡೂಪ್ಲಿಕೇಟ್ ಸಿಮ್ ಪಡೆದರೆ ಒಟಿಪಿ ನೇರವಾಗಿ ಅವರ ಕೈ ಸೇರುತ್ತದೆ ಎಂಬ ಭಯ ನನ್ನನ್ನು ಕಾಡುತ್ತಿತ್ತು. ಆದ್ದರಿಂದ ಗೂಗಲ್ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡು, ಎಸ್ಸೆಮ್ಮೆಸ್ ದಾರಿಯನ್ನು ತೆಗೆದುಹಾಕಿದೆ. ಕಂಪ್ಯೂಟರಿನಲ್ಲಿ ಕಾಣುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದಾಗ ಒಂದು ಗುಪ್ತ ಕೀಲಿ ಫೋನಿನೊಳಗೆ ಉಳಿಯುತ್ತದೆ. ಆ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಫೋನೇ 30 ಸೆಕೆಂಡಿಗೊಮ್ಮೆ ಹೊಸ ಆರಂಕಿಯ ಸಂಖ್ಯೆಯನ್ನು ಲೆಕ್ಕಹಾಕಿ ತೋರಿಸುತ್ತದೆ. ಇದಕ್ಕೆ ಸಿಗ್ನಲ್ ಬೇಡ, ಇಂಟರ್ನೆಟ್ಟೂ ಬೇಡ. ಒಮ್ಮೆ ಮಾತ್ರ ಎಲ್ಲ ಸಂಖ್ಯೆಗಳೂ ತಪ್ಪೆಂದು ಬರತೊಡಗಿದವು; ನೋಡಿದರೆ ಫೋನಿನ ಗಡಿಯಾರವೇ ನಾಲ್ಕು ನಿಮಿಷ ಹಿಂದಿತ್ತು. ನಕಲಿ ಪುಟದಲ್ಲಿ ನಾವೇ ಟೈಪ್ ಮಾಡಿಕೊಟ್ಟರೆ ಈ ಸಂಖ್ಯೆಯೂ ನಮ್ಮನ್ನು ಕಾಯಲಾರದು. ಹಾಗಾಗಿ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ನಾನು ಎಲ್ಲಿಯೂ ಲಾಗಿನ್ ಆಗುವುದಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು ಒಂದು ಜುಲೈ 19ರಂದು. ಕಲ್ಸಂಕದ ಬಳಿ ಸ್ಕೂಟರ್ ಕೆಟ್ಟು, ಮೊಣಕಾಲುದ್ದದ ನೀರಿನಲ್ಲಿ ಅದನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಜೇಬಿನಲ್ಲಿದ್ದ ಫೋನ್ ಸತ್ತಿತ್ತು. ಮರುದಿನ ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನ. ಅದಕ್ಕೆ ಬೇಕಾದ ಬಿಲ್ಲುಗಳೆಲ್ಲ ಮೇಲ್‌ನಲ್ಲಿದ್ದವು. ಆಫೀಸಿನ ಕಂಪ್ಯೂಟರ್ ಕೋಡ್ ಕೇಳುತ್ತಿತ್ತು. ಆ್ಯಪ್‌ನ ಕೀಲಿಗಳನ್ನು ಗೂಗಲ್ ಖಾತೆಯಲ್ಲೇ ಉಳಿಸಿಡುವ ಸೌಲಭ್ಯ 2023ರಿಂದ ಇದೆಯಾದರೂ, ಆ ಖಾತೆಯೊಳಗೆ ಹೋಗುವುದಕ್ಕೇ ಕೋಡ್ ಬೇಕಾದಾಗ ಅದು ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ.

ನನ್ನನ್ನು ಉಳಿಸಿದ್ದು ಒಂದು ಕಾಗದ. ಆ್ಯಪ್ ಹಾಕಿಕೊಂಡ ದಿನವೇ ಫೋನ್ ಕೈಯಲ್ಲಿಲ್ಲದಾಗ ಬಳಸಲೆಂದು ಗೂಗಲ್ ಕೊಟ್ಟ 10 ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಕಪಾಟಿನಲ್ಲಿ ಜಾಗದ ಪಹಣಿಯಿದ್ದ ಪ್ಲಾಸ್ಟಿಕ್ ಲಕೋಟೆಯೊಳಗೆ ಇಟ್ಟಿದ್ದೆ. ಎಂಟಂಕಿಯ ಮೊದಲ ಕೋಡ್ ಹಾಕಿದೊಡನೆ ಖಾತೆ ತೆರೆಯಿತು. ಒಂದು ಕೋಡ್ ಒಮ್ಮೆ ಮಾತ್ರ ನಡೆಯುವುದರಿಂದ ಅದನ್ನು ಪೆನ್ನಿನಲ್ಲಿ ಹೊಡೆದುಹಾಕಿದೆ. ಆ ಕಾಗದದ ಇನ್ನೊಂದು ಪ್ರತಿ ಈಗ ಕುಂದಾಪುರದಲ್ಲಿ, ಅಕ್ಕನ ಮನೆಯ ಕಪಾಟಿನಲ್ಲಿದೆ.