ತುಂಬಿ ಹರಿದ ಟ್ಯಾಂಕಿಂದ ಶುರುವಾಗಿದ್ದು: ನಮ್ಮನೆ ಮೆಶ್ ವೈಫೈ ಸರಿ ಮಾಡಿದ ನನ್ನ ಅನುಭವ

ಏಪ್ರಿಲ್‌ನಲ್ಲಿ ಒಂದಿನ ಬೆಳಗ್ಗೆ ಐದೂವರೆಗೆ ಅಮ್ಮ ಬಂದು ಬಾಗಿಲು ಬಡಿದ್ರು. "ಲೋ, ಏಳೋ, ಮೇಲಿಂದ ನೀರು ಸುರೀತಿದೆ, ಮೋಟ್ರು ಆಫೇ ಆಗಿಲ್ಲ ಕಣೋ." ಓಡಿಹೋಗಿ ನೋಡಿದ್ರೆ ಟೆರೇಸ್ ತುಂಬಾ ನೀರು, ಹಿಂದಿನ ದಿನ ಸಂಪಿಗೆ ಬಂದಿದ್ದ ಕಾವೇರಿ ನೀರಲ್ಲಿ ಅರ್ಧಕ್ಕರ್ಧ ಮೋರಿ ಪಾಲು. 2024ರ ಬೇಸಿಗೇನ ಬೆಂಗಳೂರಲ್ಲಿ ಕಳೆದಿರೋರಿಗೆ ಇದು ಎಷ್ಟು ಹೊಟ್ಟೆ ಉರಿಯೋ ವಿಷ್ಯ ಅಂತ ಗೊತ್ತಿರತ್ತೆ, ಆಗ ಬೋರ್‌ವೆಲ್‌ಗಳು ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅಂಥಾ ಊರಲ್ಲಿ ನಮ್ಮನೆ ನೀರು, ಟ್ಯಾಂಕ್ ತುಂಬಿದಾಗ ಮೋಟ್ರು ನಿಲ್ಲಿಸ್ಬೇಕಿದ್ದ ವೈಫೈ ಕೈ ಕೊಟ್ಟಿದ್ದಕ್ಕೆ, ಚರಂಡಿಗೆ ಹೋಯ್ತು. ಅವತ್ತೇ ತೀರ್ಮಾನ ಮಾಡ್ದೆ, ಇದನ್ನ ರೀಸ್ಟಾರ್ಟ್ ಮಾಡಿ ಮಾಡಿ ತಳ್ಳೋದು ಸಾಕು, ಬುಡ ಸಮೇತ ಹುಡುಕೋಣ ಅಂತ.

ಮನೆ ಹೇಗಿದೆ ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ರಾಜಾಜಿನಗರದಲ್ಲಿ ತರ್ಟಿ ಫಾರ್ಟಿ ಸೈಟು, ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟ್ಕೊಂಡಿದಾವೆ. ಕೆಳಗೆ ಅಪ್ಪ ಅಮ್ಮ, ಫಸ್ಟ್ ಫ್ಲೋರಲ್ಲಿ ನಾವು, ಸೆಕೆಂಡ್ ಫ್ಲೋರಲ್ಲಿ ನನ್ನ ಆಫೀಸ್ ರೂಮು ಮತ್ತೆ ಮಗಳ ರೂಮು, ಮೇಲೆ ಟೆರೇಸಲ್ಲಿ ಸಾವಿರ ಲೀಟರ್ ಟ್ಯಾಂಕು. ಫೈಬರ್ ಬಂದು ಕೂರೋದು ಕೆಳಗಿನ ಹಾಲಲ್ಲಿ ಟಿವಿ ಪಕ್ಕ. ಒಂದೊಂದು ಫ್ಲೋರಿಗೆ ಒಂದೊಂದು ಅಂತ ಮೂರು ಮೆಶ್ ಡಬ್ಬ, ಅಂದ್ರೆ ಒಂದಕ್ಕೊಂದು ಸೇರ್ಕೊಂಡು ಇಡೀ ಮನೆಗೆ ಒಂದೇ ವೈಫೈ ಕೊಡೋ ಡಬ್ಬಗಳು. ಟ್ಯಾಂಕಲ್ಲಿ ಇಎಸ್‌ಪಿ8266 ಅನ್ನೋ ವೈಫೈ ಚಿಪ್ ಹಾಕಿದ ಲೆವೆಲ್ ಸೆನ್ಸರ್, ಅದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಓಡೋ ಹೋಮ್ ಅಸಿಸ್ಟೆಂಟ್ ಅನ್ನೋ ಮನೆ ನಿಯಂತ್ರಣದ ಸಾಫ್ಟ್‌ವೇರಿಗೆ ಹೇಳತ್ತೆ, ಹೋಮ್ ಅಸಿಸ್ಟೆಂಟ್ ಕೆಳಗಿರೋ ಮೋಟ್ರು ಸ್ವಿಚ್‌ಗೆ ಹೇಳತ್ತೆ. (ಸ್ಮಾರ್ಟ್ ಸ್ವಿಚ್‌ನಿಂದ ನೇರವಾಗಿ ಮೋಟ್ರು ಓಡಿಸ್ಬೇಡಿ ದಯವಿಟ್ಟು, ಮಧ್ಯ ಕಾಂಟ್ಯಾಕ್ಟರ್ ಅಂತ ಜಾಸ್ತಿ ಕರೆಂಟ್ ತಡ್ಕೊಳ್ಳೋ ಸ್ವಿಚ್ಚು ಹಾಕಿಸಿ, ಮೋಟ್ರು ಶುರುವಾಗೋವಾಗ ಎಳೆಯೋ ಕರೆಂಟಿಗೆ ಸ್ವಿಚ್ಚಿನೊಳಗಿನ ರಿಲೇ ಅಂಟ್ಕೊಂಡುಬಿಡತ್ತೆ.) ಇವಲ್ದೆ ಬಲ್ಬು, ಕ್ಯಾಮರಾ, ಗೀಸರ್ ಪ್ಲಗ್, ಫೋನುಗಳು ಎಲ್ಲಾ ಸೇರಿ ನಲವತ್ತರ ಹತ್ರ ಸಾಮಾನು ವೈಫೈ ಮೇಲಿದಾವೆ.

ತಿಂಗಳುಗಟ್ಟಲೆ ನಾನು ಇಂಟರ್ನೆಟ್ ಕಂಪ್ನಿಯೋರನ್ನೇ ಬೈತಿದ್ದೆ. ಅವರ ಕಡೆ ಹುಡುಗ ಎರಡು ಸಲ ಬಂದು "ಸರ್, ಲೈಟ್ ಪವರ್ ಕರೆಕ್ಟಾಗಿದೆ, ನಮ್ ಕಡೆ ಪ್ರಾಬ್ಲಂ ಇಲ್ಲ" ಅಂತ ಹೇಳ್ಬಿಟ್ಟು ಹೋದ. ಅವನು ಹೇಳಿದ್ದು ನಿಜಾನೇ ಆಗಿತ್ತು. ಅದನ್ನ ತಿಳ್ಕೊಳಕ್ಕೆ ಹತ್ತು ನಿಮಿಷದ ಪರೀಕ್ಷೆ ಸಾಕಿತ್ತು. ಲ್ಯಾಪ್‌ಟಾಪಲ್ಲಿ ಎರಡು ಕಿಟಕಿ ತೆಗೀರಿ, ಒಂದರಲ್ಲಿ ನಿಮ್ಮ ರೂಟರ್ ಅಡ್ರೆಸ್‌ಗೆ ಪಿಂಗ್ (ಸಣ್ಣ ಸಂದೇಶ ಕಳ್ಸಿ ಉತ್ತರ ಎಷ್ಟು ಹೊತ್ತಿಗೆ ಬರತ್ತೆ ಅಂತ ನೋಡೋ ಕಮ್ಯಾಂಡು) ಬಿಡಿ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಗೆ ಬಿಡಿ, ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಮನೆಯಲ್ಲೆಲ್ಲಾ ಓಡಾಡಿ. ರೂಟರ್ ಪಿಂಗ್ ಚೆನ್ನಾಗಿದ್ದು ಹೊರಗಿಂದು ಮಾತ್ರ ಕೆಟ್ರೆ ಲೈನ್ ತೊಂದ್ರೆ. ರೂಟರ್ ಪಿಂಗೇ ಕೆಟ್ರೆ ತೊಂದ್ರೆ ನಿಮ್ಮನೆ ಒಳಗೇ ಇದೆ. ನನಗೆ ಕೆಳಗಿನ ಹಾಲಲ್ಲಿ 2-4 ಮಿಲಿಸೆಕೆಂಡ್ ಬರ್ತಿತ್ತು, ಸೆಕೆಂಡ್ ಫ್ಲೋರಲ್ಲಿ ಅದೇ ರೂಟರ್‌ಗೆ 300, 400, ಆಮೇಲೆ ಟೈಮ್ಡ್ ಔಟ್. ಫೋನಲ್ಲಿ ನೋಡಿದ್ರೆ ಮಾತ್ರ ವೈಫೈ ಕಡ್ಡಿಗಳು ಫುಲ್!

ಮೆಶ್ ವಿಷ್ಯದಲ್ಲಿ ಎಲ್ಲರೂ ಎಡವೋದು ಇಲ್ಲೇ ಅನ್ಸತ್ತೆ. ಫೋನಲ್ಲಿ ಕಾಣೋ ಕಡ್ಡಿ ಅಂದ್ರೆ ಫೋನಿಂದ ಹತ್ತಿರದ ಡಬ್ಬಕ್ಕೆ ಇರೋ ಸಿಗ್ನಲ್ ಅಷ್ಟೆ. ಆ ಡಬ್ಬದಿಂದ ಮೇನ್ ಡಬ್ಬಕ್ಕೆ ಇರೋ ಕೊಂಡಿ, ಅಂದ್ರೆ ಬ್ಯಾಕ್‌ಹಾಲ್, ಅದು ಹೇಗಿದೆ ಅಂತ ಫೋನು ಹೇಳೋದೇ ಇಲ್ಲ. ರೂಟರ್‌ನ ಅಡ್ಮಿನ್ ಪೇಜಿಗೆ ಹೋಗಿ ನೋಡ್ದೆ, ಮೇಲಿನ ಡಬ್ಬದ ಬ್ಯಾಕ್‌ಹಾಲ್ ಸಿಗ್ನಲ್ ಮೈನಸ್ 79 ಡಿಬಿಎಂ. ಮೈನಸ್ 65ರ ಆಸುಪಾಸಲ್ಲಿ ಇದ್ರೆ ನೆಮ್ಮದಿ, 75 ದಾಟಿದ್ರೆ ಕಷ್ಟ, ಮೈನಸ್ ಆಗಿರೋದ್ರಿಂದ ಅಂಕಿ ಜಾಸ್ತಿ ಆದಷ್ಟೂ ಸಿಗ್ನಲ್ ಕಮ್ಮಿ. ಅಲ್ದೆ ಅದು ಫಸ್ಟ್ ಫ್ಲೋರ್ ಡಬ್ಬಕ್ಕೆ ಸೇರ್ಕೊಂಡೇ ಇರ್ಲಿಲ್ಲ, ಎರಡು ಆರ್‌ಸಿಸಿ ಮೋಲ್ಡ್ ತೂರ್ಕೊಂಡು ನೇರ ಕೆಳಗಿನ ಮೇನ್ ಡಬ್ಬಕ್ಕೆ ನೇತಾಡ್ತಿತ್ತು. ಯಾಕೆ ಅಂತ ನೋಡಿದ್ರೆ ಫಸ್ಟ್ ಫ್ಲೋರ್ ಡಬ್ಬ ಇಟ್ಟಿದ್ದ ಜಾಗ ಕಬ್ಬಿಣದ ಬೀರು ಪಕ್ಕ, ಮೂಲೇಲಿ. ಬೀರುಗೆ ಅಂಟಿದ ದೊಡ್ಡ ಕನ್ನಡಿ ಬೇರೆ. ಕಬ್ಬಿಣಾನೂ ಕನ್ನಡಿ ಹಿಂದಿನ ಲೋಹದ ಲೇಪಾನೂ ಸಿಗ್ನಲ್ಲನ್ನ ವಾಪಸ್ ತಳ್ಳತ್ವೆ.

ಡಬ್ಬಾನ ಮೆಟ್ಲು ಹತ್ರ ತಂದಿಟ್ಟೆ. ನಮ್ಮೂರಿನ ಮನೆಗಳಲ್ಲಿ ಕೆಳಗಿಂದ ಟೆರೇಸ್‌ವರೆಗೆ ಕಾಂಕ್ರೀಟ್ ಅಡ್ಡ ಇಲ್ದೆ ತೆರೆದಿರೋ ಒಂದೇ ಜಾಗ ಅಂದ್ರೆ ಮೆಟ್ಲು, ಸಿಗ್ನಲ್ ಅದರಲ್ಲೇ ಹತ್ತಿ ಹೋಗತ್ತೆ. ಮೂರೂ ಡಬ್ಬ ಮೆಟ್ಲಿಗೆ ಕಾಣೋ ಹಾಗೆ ಇಟ್ಟ ಮೇಲೆ ಮೇಲಿಂದು ಮೈನಸ್ 61ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ದೆ ಆದ ಕೆಲ್ಸ, ಇಡೀ ಕಥೇಲಿ ಅತೀ ಹೆಚ್ಚು ಉಪಯೋಗ ಆಗಿದ್ದೂ ಇದೇ.

ಆದ್ರೂ ಪೂರ್ತಿ ಸರಿ ಹೋಗ್ಲಿಲ್ಲ. ಆವಾಗಿಂದ ಮಗಳ ಹಳೇ ರಫ್ ನೋಟ್‌ಬುಕ್ ತಗೊಂಡು ಬರೆಯೋಕೆ ಶುರು ಮಾಡ್ದೆ, ಯಾವತ್ತು ಎಷ್ಟು ಗಂಟೆಗೆ ಏನು ಆಫ್‌ಲೈನ್ ಆಯ್ತು, ನಾನು ಏನು ಬದಲಾಯಿಸ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಎರಡು ದಿನ ಕಾಯೋದು. ಕಷ್ಟ ಇದು, ಕೈ ಸುಮ್ನಿರಲ್ಲ, ಆದ್ರೆ ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುವಿಬಿಟ್ರೆ ಯಾವುದ್ರಿಂದ ಸರಿ ಹೋಯ್ತು ಯಾವುದ್ರಿಂದ ಕೆಟ್ಟಿತು ಅಂತ ಗೊತ್ತೇ ಆಗಲ್ಲ.

ನೋಟ್‌ಬುಕ್ಕಿಂದ ಮೊದಲು ಸಿಕ್ಕಿದ್ದು ಏನಂದ್ರೆ ಕೆಲವು ರಾತ್ರಿ ಇಡೀ ಮನೆ 5 ಗಿಗಾಹರ್ಟ್ಸ್ (ನಮ್ಮ ವೈಫೈಯ ಎರಡು ಬ್ಯಾಂಡಲ್ಲಿ ಒಂದು, ಇನ್ನೊಂದು 2.4) ಒಂದೆರಡು ನಿಮಿಷ ಮಾಯ ಆಗ್ತಿತ್ತು. ಲಾಗಲ್ಲಿ 'ರೇಡಾರ್ ಡಿಟೆಕ್ಟೆಡ್' ಅಂತ ಇತ್ತು. ಚಾನೆಲ್ಲನ್ನ, ಅಂದ್ರೆ ಆ ಬ್ಯಾಂಡೊಳಗೆ ಯಾವ ಪಟ್ಟಿ ಬಳಸ್ಬೇಕು ಅನ್ನೋದನ್ನ, ಆಟೋದಲ್ಲಿ ಬಿಟ್ಟಿದ್ದೆ, ಅದು ಹೋಗಿ 100ರಲ್ಲಿ ಕೂತಿತ್ತು. 52ರಿಂದ 144ರವರೆಗಿನ ಚಾನೆಲ್‌ಗಳು ಹವಾಮಾನ ರೇಡಾರ್ ಥರದ್ದರ ಜೊತೆ ಹಂಚ್ಕೊಳ್ಳೋ ಜಾಗ, ರೇಡಾರ್ ಇದೆ ಅಂತ ಅನ್ನಿಸಿದ ತಕ್ಷಣ ರೂಟರ್ ಆ ಚಾನೆಲ್ ಬಿಟ್ಟು ಏಳ್ಬೇಕು, ಅದೇ ಥರದ ಇನ್ನೊಂದು ಚಾನೆಲ್‌ಗೆ ಹೋದ್ರೆ ಅಲ್ಲಿ ಕಮ್ಮಿ ಅಂದ್ರೂ 60 ಸೆಕೆಂಡ್ ಸುಮ್ನೆ ಕೇಳಿಸ್ಕೊಂಡು ಆಮೇಲೆ ಶುರು ಮಾಡ್ಬೇಕು. ರೇಡಾರ್ ಅಲ್ಲದ್ದನ್ನೂ ರೇಡಾರ್ ಅಂದ್ಕೊಂಡು ಏಳೋದೂ ಉಂಟು. ಬ್ಯಾಕ್‌ಹಾಲೂ ಅದೇ ಚಾನೆಲಲ್ಲಿ ಓಡ್ತಿದ್ರೆ ಅಷ್ಟು ಹೊತ್ತು ಮೇಲಿನ ಫ್ಲೋರುಗಳು ಅನಾಥ. 36ಕ್ಕೆ ಗಟ್ಟಿ ಮಾಡಿಟ್ಟೆ, ಆಮೇಲೆ ಆ ಸಾಲು ನೋಟ್‌ಬುಕ್ಕಲ್ಲಿ ಮತ್ತೆ ಬರ್ಲಿಲ್ಲ. ಎಷ್ಟೋ ಮೆಶ್ ಕಿಟ್‌ಗಳಲ್ಲಿ ಚಾನೆಲ್ಲನ್ನ ನಾವೇ ಆರಿಸೋಕೆ ಬಿಡೋದೇ ಇಲ್ಲ, ಕೊಳ್ಳೋ ಮುಂಚೆ ಇದನ್ನ ಕೇಳಿ, ಸ್ಪೀಡ್ ಎಷ್ಟು ಅಂತ ಬಾಕ್ಸ್ ಮೇಲೆ ಬರ್ದಿರೋದಕ್ಕಿಂತ ಇದು ಮುಖ್ಯ.

2.4 ಗಿಗಾಹರ್ಟ್ಸ್ ಕಥೆ ಬೇರೆ. ಸ್ಕ್ಯಾನ್ ಮಾಡಿದ್ರೆ ಅಕ್ಕಪಕ್ಕದ ಮೂವತ್ತು ಚಿಲ್ಲರೆ ನೆಟ್‌ವರ್ಕ್ ಕಾಣತ್ತೆ ನಮ್ಮ ಬೀದೀಲಿ. ಅಲ್ಲಿ ಒಂದರ ಮೇಲೊಂದು ಬೀಳದೇ ಇರೋದು 1, 6, 11 ಮಾತ್ರ, ಅಗಲ 20 ಮೆಗಾಹರ್ಟ್ಸ್ ಇಟ್ರೆ. ನಮ್ಮದು 40ರಲ್ಲಿತ್ತು, 20ಕ್ಕೆ ಇಳಿಸಿ ಚಾನೆಲ್ 1 ಕೊಟ್ಟೆ. ಜಿಗ್‌ಬೀ ಅನ್ನೋ ಬೇರೆ ವೈರ್‌ಲೆಸ್ ಪದ್ಧತಿಯ ಬಾಗಿಲು ಸೆನ್ಸರ್‌ಗಳೂ ಇದೇ 2.4ರಲ್ಲೇ ಇರೋದು, ಅವು ಜಿಗ್‌ಬೀ ಚಾನೆಲ್ 11ರಲ್ಲಿದ್ವು, ಹೆಸರು 11 ಆದ್ರೂ ಅದು ಬೀಳೋದು ವೈಫೈ 1ರ ತಲೆ ಮೇಲೇನೇ. 25ಕ್ಕೆ ಹಾಕಿದೆ, ಕೆಲವನ್ನ ಮತ್ತೆ ಪೇರ್ ಮಾಡ್ಬೇಕಾಯ್ತು. ಜಿಗ್‌ಬೀ ಡಾಂಗಲ್ಲನ್ನ ಪೈಯ ಯುಎಸ್‌ಬಿ 3 ಪೋರ್ಟಿಂದ ತೆಗ್ದು ಒಂದು ಮೀಟರ್ ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟೆ, ಯುಎಸ್‌ಬಿ 3 ಓಡ್ವಾಗ 2.4ರಲ್ಲೇ ಗದ್ದಲ ಎಬ್ಬಿಸತ್ತೆ.

ಆಮೇಲೆ ಕೇಬಲ್. ಸೆಕೆಂಡ್ ಫ್ಲೋರಿಗೆ ವೈರ್ ಎಳೆದುಬಿಡೋಣ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಅಂತ ಕೇಳಿದ್ರೆ ಎರಡು ಥರ ತೋರಿಸ್ತಾರೆ, ಒಂದು ಪೂರ್ತಿ ತಾಮ್ರ, ಇನ್ನೊಂದು ಒಳಗೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಎರಡನೇದು ಅಗ್ಗ, ಆದ್ರೆ ಬಗ್ಗಿಸಿದ್ರೆ ಮುರಿಯತ್ತೆ, ಸಿಗ್ನಲ್ಲೂ ಜಾಸ್ತಿ ಸೋರತ್ತೆ, ಅದು ಬೇಡ. ತುದಿ ಕೆರೆದು ನೋಡಿ, ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ. ಎಲೆಕ್ಟ್ರಿಷಿಯನ್ ಅಣ್ಣ ಹಳೇ ಕೇಬಲ್ ಟಿವಿ ಪೈಪಲ್ಲೇ ಎಳೆದುಕೊಟ್ರು, ಲಿಂಕ್ ಬಂತು, ಆದ್ರೆ 100 ಎಂಬಿಪಿಎಸ್ಸಲ್ಲಿ ನಿಂತ್ಬಿಡ್ತು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು, ಅಂದ್ರೆ ಎಲ್ಲೋ ಒಂದು ತಂತಿ ಸೇರಿಲ್ಲ. ಕಂದು ಜೋಡಿಯಲ್ಲಿ ಒಂದು ತಂತಿ ತುದಿಯ ಪ್ಲಗ್ಗೊಳಗೆ ಪೂರ್ತಿ ಹೋಗಿರ್ಲಿಲ್ಲ. ಅದನ್ನ ಸರಿ ಮಾಡಿದ್ರೆ ಇನ್ನೊಂದು ಎಡವಟ್ಟು, ಮೇಲಿರೋ ಪೈಗೆ 192.168.1ರ ಐಪಿ (ನೆಟ್‌ವರ್ಕಲ್ಲಿನ ವಿಳಾಸ), ಕೆಳಗಿನ ಬಲ್ಬುಗಳಿಗೆ 192.168.0ರ ಐಪಿ, ಒಂದಕ್ಕೊಂದು ಕಾಣ್ತಾನೇ ಇಲ್ಲ. ವೈರಿನ ಕೆಳಗಿನ ತುದೀನ ಮೆಶ್ ಡಬ್ಬದ ಬದಲು ಫೈಬರ್ ಡಬ್ಬಕ್ಕೆ ಸಿಕ್ಕಿಸಿದ್ವಿ, ಅದೂ ಒಂದು ರೂಟರೇ ಅಲ್ವಾ, ಹಾಗಾಗಿ ಮನೇಲಿ ಎರಡು ನೆಟ್‌ವರ್ಕ್ ಆಗಿತ್ತು. ವೈರು ಮೇನ್ ಮೆಶ್ ಡಬ್ಬದಿಂದಲೇ ಹೊರಡ್ಬೇಕು. ಆಮೇಲೆ ಕಂಪ್ನಿಗೆ ಫೋನ್ ಮಾಡಿ ಫೈಬರ್ ಡಬ್ಬಾನ ಬ್ರಿಡ್ಜ್ ಮೋಡ್‌ಗೂ ಹಾಕಿಸಿದೆ, ಅಂದ್ರೆ ಅದು ರೂಟರ್ ಕೆಲ್ಸ ಬಿಟ್ಟು ಬರೀ ಲೈನ್ ದಾಟಿಸ್ಲಿ ಅಂತ.

ಇಷ್ಟೆಲ್ಲಾ ಆದ್ಮೇಲೂ ಟ್ಯಾಂಕ್ ಸೆನ್ಸರ್ ಒಂದೇ ಒಂದು ನೆಟ್ಟಗೆ ಆಗ್ಲಿಲ್ಲ! ಮಿಕ್ಕಿದ್ದೆಲ್ಲಾ ಬಂಡೆ ಥರ ನಿಂತಿದೆ, ಇದು ಮಾತ್ರ ವಾರಕ್ಕೆರಡು ಸಲ ಮಾತು ನಿಲ್ಲಿಸತ್ತೆ, ಕೆಲವು ಸಲ ಗಂಟೆಗಟ್ಟಲೆ.

ಒಂದು ಭಾನುವಾರ ಅಡ್ಮಿನ್ ಪೇಜಲ್ಲಿ ಏನೋ ಹುಡುಕ್ತಾ ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯ್ತು) ಅನ್ನೋ ಸಾಲು ಕಣ್ಣಿಗೆ ಬಿತ್ತು. ಕೆಳಗಿನ ಡಬ್ಬ 19 ದಿನ, ಮಧ್ಯದ್ದು 19 ದಿನ, ಮೇಲಿಂದು 3 ಗಂಟೆ. ಮೂರು ಗಂಟೆ ಹಿಂದೆ ಏನಾಗಿತ್ತು? ಕರೆಂಟ್ ಎರಡು ಸೆಕೆಂಡ್ ಹೋಗಿ ಬಂದಿತ್ತು, ಫ್ಯಾನು ನಿಧಾನ ಆಗೋದ್ರೊಳಗೆ ವಾಪಸ್. ಕೆಳಗಿನ ಎರಡು ಫ್ಲೋರಿನ ಪ್ಲಗ್ ಇನ್ವರ್ಟರ್ ಲೈನಲ್ಲಿದೆ, ಸೆಕೆಂಡ್ ಫ್ಲೋರ್ ಆಮೇಲೆ ಕಟ್ಟಿಸಿದ್ದು, ಅಲ್ಲಿಗೆ ಇನ್ವರ್ಟರ್ ಲೈನ್ ಎಳೆಸೇ ಇಲ್ಲ. ಕರೆಂಟ್ ಹೀಗೆ ಮಿಟುಕಿದಾಗ ಮೇಲಿನ ಮೆಶ್ ಡಬ್ಬಾನೂ ಆಫ್, ಸೆನ್ಸರ್ರೂ ಆಫ್. ಸೆನ್ಸರ್ ಐದು ಸೆಕೆಂಡಲ್ಲಿ ಎದ್ದುಬಿಡತ್ತೆ, ಡಬ್ಬ ಏಳೋಕೆ ಮೂರು ನಿಮಿಷ ಬೇಕು. ಎದ್ದ ಸೆನ್ಸರ್ ಸುತ್ತ ನೋಡತ್ತೆ, ಹತ್ತಿರದ ಡಬ್ಬ ಇಲ್ಲ, ಕೆಳಗಿಂದು ಮೈನಸ್ 84ರಲ್ಲಿ ಕ್ಷೀಣವಾಗಿ ಕೇಳತ್ತೆ, ಅದನ್ನೇ ಹಿಡ್ಕೊಳತ್ತೆ. ಸಂಪರ್ಕ ಪೂರ್ತಿ ಕಡಿಯೋವರೆಗೂ ಅದು ಬೇರೆ ಡಬ್ಬ ಹುಡುಕೋ ಗೋಜಿಗೇ ಹೋಗ್ತಿರ್ಲಿಲ್ಲ. ಹತ್ತಿರದ ಡಬ್ಬ ಎದ್ದು ಕೂತಿದ್ರೂ ಇದು ಕೆಳಗಿಂದನ್ನೇ ಹಿಡ್ಕೊಂಡು ತೊದಲ್ತಾ ಇರತ್ತೆ. ನೋಟ್‌ಬುಕ್ ತೆಗ್ದು ನೋಡಿದ್ರೆ ಹೋಮ್ ಅಸಿಸ್ಟೆಂಟಲ್ಲಿ ಆಫೀಸ್ ರೂಮಿನ ಬಲ್ಬು ಆಫ್‌ಲೈನ್ ಆದ ಹೊತ್ತೂ ಸೆನ್ಸರ್ ತೊದಲೋಕೆ ಶುರು ಮಾಡಿದ ಹೊತ್ತೂ ಸಾಲು ಸಾಲು ಹೊಂದ್ಕೊಂಡ್ವು. ಟ್ಯಾಂಕ್ ಹರಿದ ಆ ಬೆಳಗ್ಗೆನೂ ಹೀಗೇ ಆಗಿತ್ತು, ಅಲ್ದೆ ಮೋಟ್ರು ಸ್ವಿಚ್ಚಲ್ಲಿ 'ಕರೆಂಟ್ ಬಂದಾಗ ಹಿಂದಿನ ಸ್ಥಿತಿ' ಅನ್ನೋ ಸೆಟ್ಟಿಂಗ್ ಇತ್ತು, ಕರೆಂಟ್ ಮಿಟುಕಿ ಬಂದ ತಕ್ಷಣ ಅದು ಮೋಟ್ರನ್ನ ತಾನೇ ವಾಪಸ್ ಆನ್ ಮಾಡಿತ್ತು. ಇದೆಲ್ಲಾ ಕೂಡಿಬಂದಾಗ ಮೈ ಜುಮ್ ಅಂತು.

ಮೇಲಿನ ಡಬ್ಬಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ತಂದು ಹಾಕಿದೆ (ಅಡಾಪ್ಟರ್ ಮೇಲೆ ಬರ್ದಿರೋ ವೋಲ್ಟೇ ಇರ್ಬೇಕು, ಆಂಪು ಕಮ್ಮಿ ಅಂದ್ರೂ ಅಷ್ಟಿರ್ಬೇಕು). ಸೆನ್ಸರ್ರನ್ನ ಮೇಲಿನ ಡಬ್ಬಕ್ಕೆ ಕಟ್ಟಿಹಾಕಿದೆ, ಅಡ್ಮಿನ್ ಪೇಜಲ್ಲಿ ಆ ಅವಕಾಶ ಇತ್ತು. ಬಲ್ಬು ಸೆನ್ಸರ್‌ಗಳಿಗೆ ಅಂತಾನೇ ಬರೀ 2.4ರ ಬೇರೆ ಹೆಸರು ಕೊಟ್ಟು, ಅದರಲ್ಲಿ ಡಬ್ಲ್ಯೂಪಿಎ3 (ಹೊಸ ಥರದ ವೈಫೈ ಭದ್ರತೆ), ಫಾಸ್ಟ್ ರೋಮಿಂಗ್ (ಡಬ್ಬದಿಂದ ಡಬ್ಬಕ್ಕೆ ಬೇಗ ದಾಟೋದು) ಎರಡೂ ಆಫ್, ಹಳೇ ಚಿಪ್ಪುಗಳು ಅವಕ್ಕೆ ತಡಬಡಾಯಿಸತ್ವೆ. ಮೋಟ್ರು ಸ್ವಿಚ್ಚಲ್ಲಿ ಕರೆಂಟ್ ಬಂದಾಗ ಯಾವಾಗ್ಲೂ ಆಫ್.

ಆದ್ರೆ ನನಗೆ ನಿಜವಾದ ಸಮಾಧಾನ ಕೊಟ್ಟಿದ್ದು ಬೇರೆ ಬದಲಾವಣೆ. ಮುಂಚೆ 'ಟ್ಯಾಂಕ್ ತುಂಬಿದೆ ಅಂತ ಸೆನ್ಸರ್ ಹೇಳಿದ್ರೆ ಮೋಟ್ರು ನಿಲ್ಸು' ಅಂತ ಬರ್ದಿದ್ದೆ. ಅದನ್ನ ತಿರುವಿ ಹಾಕಿದೆ. ಸೆನ್ಸರ್ ಅರ್ಧ ನಿಮಿಷಕ್ಕೊಂದ್ಸಲ 'ಇದೀನಿ, ನೀರು ಇಷ್ಟಿದೆ' ಅಂತ ಹೇಳ್ತಾ ಇರ್ಬೇಕು, ಎರಡು ನಿಮಿಷ ಸುಮ್ನಾದ್ರೆ ಮೋಟ್ರು ನಿಲ್ಲತ್ತೆ. ಸ್ವಿಚ್ಚೇ ವೈಫೈಯಿಂದ ಬಿದ್ದೋದ್ರೆ ಅಂತ ಅದರೊಳಗೇ 25 ನಿಮಿಷದ ಟೈಮರ್, ಯಾಕಂದ್ರೆ ಖಾಲಿ ಟ್ಯಾಂಕ್ ತುಂಬೋಕೆ ನಮ್ಮ ಮೋಟ್ರಿಗೆ 22 ನಿಮಿಷ ಸಾಕು.

ಹೋದ ತಿಂಗಳು ಅಮ್ಮ ಕೆಳಗಿಂದ ಕೂಗಿದ್ರು, "ಮೋಟ್ರು ಅರ್ಧದಲ್ಲೇ ನಿಂತೋಗಿದೆಯಲ್ಲೋ, ನೋಡೋ ಸ್ವಲ್ಪ." ಟೆರೇಸಿಗೆ ಹತ್ತಿ ಮುಚ್ಚಳ ತೆಗ್ದು ನೋಡಿದೆ, ಟ್ಯಾಂಕು ಮುಕ್ಕಾಲು, ನೆಲ ಒಣಗಿದೆ. ಸೆನ್ಸರ್ ಅಡಾಪ್ಟರ್ ಸುಟ್ಟೋಗಿತ್ತು. ಕೆಳಗೆ ಬಂದು ಅಮ್ಮಂಗೆ ಹೇಳ್ದೆ, ಇವತ್ತು ಸಂಜೆವರೆಗೂ ಗೋಡೆ ಸ್ವಿಚ್ಚಲ್ಲೇ ಹಾಕ್ಕೊಳಮ್ಮಾ ಅಂತ, ಸಂಜೆ ಎಸ್.ಪಿ. ರೋಡಿಂದ ಎರಡು ಅಡಾಪ್ಟರ್ ತಂದೆ, ಒಂದು ಹಾಕಿದೆ, ಇನ್ನೊಂದು ನೋಟ್‌ಬುಕ್ ಪಕ್ಕ ಇದೆ.